ಮಾವನವರ ಅರ್ಧ ಮಾತು

ಜಾವಗಲ್,
೧೪ ಸೆಪ್ಟೆಂಬರ್ ೧೯೯೭

ಅಕ್ಕನವರಿಗೆ ಮಂಜುಳಾ ಮಾಡುವ ನಮಸ್ಕಾರಗಳು.

ನಾನು ನಿಮ್ಮ ತಮ್ಮ ದೇವೇಂದ್ರ ಅವರ ಹೆಂಡತಿ. ನಾವಿಬ್ಬರೂ ಇನ್ನೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಬೇರೆ ಜಾತಿಯವರನ್ನು ಮದುವೆಯಾದಿರೆಂದು ಮಾವನವರು ನಿಮಗೆ ಹೊಸಿಲು ತುಳಿಯಬೇಡ ಅಂದರಂತೆ. ಅದನ್ನೂ ನಾನು ಅಕ್ಕಪಕ್ಕದವರಿಂದ ಕೇಳಿದ್ದು. ಮನೆಯಲ್ಲಿ ನಿಮ್ಮ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಮಾವನವರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಬಾಯಲ್ಲಿ ಉಳಿದದ್ದು "ನೀ... ನೀ..." ಅಷ್ಟೇ. "ಬಾಯಾರ್ಕೆ ಆಗೈತೆ ಕಣೇ, ನೀರು ಕೊಡು" ಎಂದು ಅತ್ತೆ ಅಂದರೆ ನಾನು ಲೋಟ ಹಿಡಿದು ಓಡುತ್ತಿದ್ದೆ. ಅವರು ಮುಖ ತಿರುಗಿಸುತ್ತಿದ್ದರು. ಒಂದು ಸಲ ಲೋಟವನ್ನೇ ತಳ್ಳಿ ಅತ್ತುಬಿಟ್ಟರು.

ಹಾಸನದ ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. "ಅವ್ರಿಗೆ ಮಾತು ಹುಡುಕ್ಕೊಳ್ಳೋಕೆ ಹೊತ್ತು ಬೇಕಮ್ಮ. ನೀವೇ ತುಂಬಿಸ್ಬೇಡಿ, ಕಾಯಿರಿ" ಅಂದರು. ಕೇಳಿಸಿಕೊಳ್ಳುವುದಕ್ಕೂ ತಯಾರಾಗಬೇಕೆಂದು ನನಗೆ ಗೊತ್ತಾದದ್ದು ಆಮೇಲೆ. ಬೆಳಗಿನ ಕೆಲಸ ಮುಗಿಸಿ ಒಲೆ ಆರಿಸುತ್ತಿದ್ದೆ. ಇಲ್ಲದಿದ್ದರೆ ಮನಸ್ಸೆಲ್ಲ ಹಾಲು ಉಕ್ಕೀತೆಂಬಲ್ಲೇ ಇರುತ್ತಿತ್ತು. ರೇಡಿಯೋ ನಿಲ್ಲಿಸಿ, ಅವರ ಮಂಚದ ಎದುರು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ನಿಂತು ಕೇಳಿದರೆ ಅವರಿಗೆ ಅವಸರವಾಗುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ಬಾಯಿ ಕಟ್ಟುವುದು. ನಾನು ಮೊದಲಿಂದಲೂ ಬಾಯಿಬಡುಕಿ. ಎಷ್ಟೋ ದಿನ ಏನೂ ಬರಲಿಲ್ಲ. ಅವರು ಸೋತು ಕಣ್ಣು ಮುಚ್ಚುತ್ತಿದ್ದರು.

ಮೊನ್ನೆ "ನೀ..." ಎಂದು ತಡೆದರು. ಅತ್ತೆ ನೀರು ತಂದರು, ನಾನು ಕೈಸನ್ನೆ ಮಾಡಿ ನಿಲ್ಲಿಸಿದೆ. "ನೀ... ಲಾ" ಅಂದರು. ಆಮೇಲೆ ಒಂದೇ ಉಸಿರಿಗೆ, "ನೀಲಾ ಬಂದ್ಲಾ?"

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಿಮ್ಮ ತಮ್ಮ ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ನೀಲಕ್ಕ, ಅವರ ಮಾತು ಅಲ್ಲಿಗೆ ಮುಗಿದಿಲ್ಲ. ನಿಮ್ಮ ಹೆಸರಾದ ಮೇಲೆ ಇನ್ನೇನೋ ಹೇಳಲು ದಿನವೂ ಒದ್ದಾಡುತ್ತಾರೆ. ತಪ್ಪಾಯಿತು ಅನ್ನುತ್ತಾರೋ, ಬೈಯುತ್ತಾರೋ, ನಾನು ಊಹಿಸುವುದಿಲ್ಲ. ಅದು ನಿಮ್ಮೆದುರಿಗೆ ಆಡಬೇಕಾದ ಮಾತು. ನಿಮಗೂ ಕೋಪವಿರುತ್ತದೆ, ಅದನ್ನು ಬಿಟ್ಟು ಬನ್ನಿ ಎನ್ನಲು ನಾನು ಯಾರು? ಇಟ್ಟುಕೊಂಡೇ ಬನ್ನಿ. ಬೆಳಗಿನ ಬಸ್ಸಿಗೆ ಬಂದರೆ ಒಳ್ಳೆಯದು, ಆಗ ಅವರಿಗೆ ಸುಸ್ತು ಕಡಿಮೆ. ಭಾವನವರನ್ನೂ ಕರೆತನ್ನಿ.

ನಿಮ್ಮ ದಾರಿ ನೋಡುತ್ತಿರುವ,
ಮಂಜುಳಾ

ವಿ. ಸೂ.: ನಿಮ್ಮ ವಿಳಾಸ ಕೊಟ್ಟವರು ಅತ್ತೆ. ಅರಸೀಕೆರೆ ಸಂತೆಗೆ ಹೋದಾಗಲೆಲ್ಲ ನಿಮ್ಮ ಬೀದಿಯಲ್ಲೇ ನಡೆದು, ನಿಮ್ಮ ಬಾಗಿಲಿನ ರಂಗೋಲಿ ನೋಡಿಕೊಂಡು ಬರುತ್ತಿದ್ದರಂತೆ. "ನಿಮ್ಮಾವಂಗೆ ಗೊತ್ತಾಗೋದು ಬ್ಯಾಡ ಕಣೇ" ಅಂದರು. ನಿಮಗೆ ಹೇಳಬೇಡ ಅನ್ನಲಿಲ್ಲ.