ಮಗ್ಗದ ಸದ್ದಿನಲ್ಲಿ ಕಲಿತದ್ದು

ಅವ್ವಾ,

ಇವತ್ತು ಕೊಲ್ಹಾಪುರದ ಆಫೀಸಿನಲ್ಲಿ ನಮಗೆಲ್ಲ ಒಂದು ಪರೀಕ್ಷೆ ಇಟ್ಟಿದ್ದರು. ಗಾಬರಿಯಾಗಬೇಡ, ಪಾಸು ಫೇಲು ಇಲ್ಲದ ಪರೀಕ್ಷೆ. ಮೊಬೈಲು ಕೇಳುವ ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ನಮ್ಮದು ಎಂಥ ಸ್ವಭಾವ ಅಂತ ಅದೇ ಹೇಳುತ್ತದೆ. ನೀನಾಗಿದ್ದರೆ, "ನಮ್ಮ ಸ್ವಭಾವ ನಮಗ ಗೊತ್ತಿಲ್ಲೇನ? ಮೊಬೈಲಿಗೆ ಯಾಕ ಕೇಳಬೇಕ?" ಅಂತ ನಗುತ್ತಿದ್ದೆ.

ನನ್ನದು 'ಕೇಳಿಸಿಕೊಳ್ಳುವ ಸ್ವಭಾವ' ಅಂತ ಬಂತು. ಪಕ್ಕದಲ್ಲಿ ಕೂತಿದ್ದ ಗೆಳತಿ ಸೋನಲ, "ಬರೋಬ್ಬರಿ ಐತಿ ನೋಡ ಸಪನಾ. ಯಾರರೆ ಮಾತಾಡಾಕತ್ರ ಅವರ ಮಾರಿ ಮ್ಯಾಲಿಂದ ಕಣ್ಣ ತಗಿಯಂಗಿಲ್ಲ ನೀ," ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದು ನೀನು ಕಲಿಸಿದ್ದು ಅಂತ ನಾನು ಯಾರಿಗೂ ಹೇಳಲಿಲ್ಲ. ಯಡ್ರಾವದಲ್ಲಿ ನೀನು ಕೆಲಸಕ್ಕೆ ಹೋಗುತ್ತಿದ್ದ ಆ ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಶಾಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತರೆ, ನೀನು ನೂಲು ಸುತ್ತುತ್ತಲೇ ದೂರದಿಂದ ಬರೀ ತುಟಿ ಆಡಿಸುತ್ತಿದ್ದೆ. "ಉಂಡೀ?" "ಬಿಸಲಾಗ ನಿಂದರಬ್ಯಾಡ." ಒಮ್ಮೊಮ್ಮೆ ಮಾಲೀಕನ ಬೆನ್ನ ಹಿಂದೆಯೇ ಅವನನ್ನು ಬೈದು ನನ್ನನ್ನು ನಗಿಸುತ್ತಿದ್ದೆ. ನಿನ್ನ ಒಂದು ಮಾತೂ ನನಗೆ ತಪ್ಪುತ್ತಿರಲಿಲ್ಲ.

ತಪ್ಪಿದ್ದು ಒಂದೇ, ಅವ್ವಾ. ಆಸ್ಪತ್ರೆಯಲ್ಲಿ ಆ ಕೊನೆಯ ಮಧ್ಯಾಹ್ನ ಆಕ್ಸಿಜನ್ ಮಾಸ್ಕಿನ ಒಳಗೆ ನಿನ್ನ ತುಟಿ ಆಡುತ್ತಿತ್ತು. ಉಸಿರಿನ ಆವಿಗೆ ಮಾಸ್ಕು ಮಬ್ಬಾಗಿ ಏನೂ ಕಾಣಲಿಲ್ಲ. ನಾನು "ಹೂಂ ಅವ್ವಾ, ಹೂಂ" ಅಂದೆ. ನೀನು ಸಮಾಧಾನದಿಂದ ಕಣ್ಣು ಮುಚ್ಚಿದೆ.

ಯಾವುದಕ್ಕೆ ಹೂಂ ಅಂದೆನೋ ಗೊತ್ತಾಗಿದ್ದರೆ, ಇಷ್ಟರಲ್ಲಿ ಮಾಡಿ ಮುಗಿಸಿರುತ್ತಿದ್ದೆ.