ಪುರೋಚನ ಬದುಕಿಬಿಟ್ಟ

ಬೇತಮಂಗಲದ ಹತ್ತಿರ, ನಿನ್ನ ತವರಿನಿಂದ
ಸೋಮವಾರ, ೧೨-೩-೧೯೮೪

ಪ್ರೀತಿಯ ನಾದಿನಿ ಕನಕಳಿಗೆ,

ನಿನ್ನ ಅತ್ತಿಗೆ ಮುನಿಗಂಗಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮಪ್ಪನ ಎಡಗಡೆಯ ಮೀಸೆಯೊಂದನ್ನು ಬಿಟ್ಟು. ಗಾಬರಿಯಾಗಬೇಡ ಕಣೇ, ತುಂಬಿದ ಬಸುರಿ ನೀನು, ಗೋಡೆಗೆ ಒರಗಿ ಕೂತು ನಿಧಾನವಾಗಿ ಓದು.

ಶನಿವಾರದ ನಾಟಕದ ಬಗ್ಗೆ ನಿನ್ನ ಯಜಮಾನರು ಏನು ಹೇಳಿದರೋ ಕಾಣೆ. ಅವರ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಗಣಿಯಿಂದ ಚಿನ್ನ ತೆಗೆಯುವುದು ಸುಲಭ. "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಶಿಫ್ಟಿಗೆ ಹೋಗಿರುತ್ತಾರೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಬಂಗಾರಪೇಟೆಯ ರಿಜಿಸ್ಟ್ರಾರ್ ಆಫೀಸಿನಲ್ಲಿ ನೀವಿಬ್ಬರೂ ಹಾರ ಹಾಕಿಕೊಂಡಾಗಿನಿಂದ ಮಾವ ನಿನ್ನ ಹೆಸರೆತ್ತಿಲ್ಲ, ನಿನಗೆ ಗೊತ್ತಿರುವುದೇ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅತ್ತೆ ಅತ್ತರು, ನಾನು ಜಗಳವಾಡಿದೆ, ನಿಮ್ಮಣ್ಣ ಎಂದಿನಂತೆ ಎಮ್ಮೆಗೆ ಮೇವು ಹಾಕಲು ಹೋದರು. ಮಾವನದು ಒಂದೇ ಮಾತು, "ನಾನು ಗಾಡಿ ಕಟ್ಟಾಕಿಲ್ಲ." ಅದಕ್ಕೇ ನಾನೊಂದು ಕಿತಾಪತಿ ಮಾಡಿದೆ.

ನಮ್ಮೂರಲ್ಲಿ ಬಣ್ಣ ಹಚ್ಚಿದವರೆಲ್ಲ ನಾಟಕ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಉಣ್ಣಬೇಕಲ್ಲ? ಪಂಕ್ತಿ ಬಿಟ್ಟು ಎದ್ದವನಿಗೆ ಮುಂದಿನ ವರ್ಷ ಪಾತ್ರವಿಲ್ಲ. ಮಾವನಿಗೆ ಊಟ ಬಿಟ್ಟರೂ ನಡೆದೀತು, ಪಾತ್ರ ಬಿಟ್ಟರೆ ನಡೆಯದು. ಈ ಸಲ ಆಡಿದ್ದು ಅರಗಿನ ಮನೆಯ ಪ್ರಸಂಗ. ಕೌರವರು ಅರಗಿನಲ್ಲಿ ಮನೆ ಕಟ್ಟಿಸಿ ಪಾಂಡವರನ್ನು ಸುಡಲು ನೋಡುತ್ತಾರೆ. ಅವರು ಸುರಂಗದಲ್ಲಿ ಪಾರಾಗುತ್ತಾರೆ. ಕಾವಲಿದ್ದ ಪುರೋಚನನೇ ಉರಿದು ಸಾಯುತ್ತಾನೆ. ಆ ಪುರೋಚನ ನಮ್ಮ ಮಾವ. ಬೆಂಕಿ ಇಡುವ ಭೀಮ ನಿಮ್ಮಣ್ಣ. ಸುರಂಗ ತೋಡುವ ಪಾತ್ರವೊಂದು ಖಾಲಿ ಇತ್ತು. ಮಾವ, ಅಳಿಯ ಒಂದೇ ಪಂಕ್ತಿಗೆ ಬರಲಿ ಎಂದು ಹಾರ್ಮೋನಿಯಂ ಮೇಷ್ಟ್ರು ಪೆರುಮಾಳ್ ಅವರ ಕಿವಿಯಲ್ಲಿ ನಿನ್ನ ಯಜಮಾನರ ಹೆಸರು ಊದಿದೆ. ಸುರಂಗಕ್ಕೆ ಉರಿಗಾಂ ಗಣಿಯವರಿಗಿಂತ ಬೇರೆ ಬೇಕೆ? ಮಾವ ವೇಷದ ಬಟ್ಟೆಗೆಂದು ಬಂಗಾರಪೇಟೆಗೆ ಹೋದ ದಿನ ನಿನ್ನ ಯಜಮಾನರು ಬಂದು, ಅರಗಿನ ಮನೆಯಿಂದ ಹುಲ್ಲಿನ ಬಣವೆಯ ಹಿಂದಿನವರೆಗೆ ಅಚ್ಚುಕಟ್ಟಾಗಿ ತೋಡಿಕೊಟ್ಟು ಹೋದರು.

ಮಾವನ ಹಟ ಕೇಳು. "ಪರದೆ ಮ್ಯಾಲೆ ಬೆಂಕಿ ಬರ್ದು ತೋರ್ಸಾಕೆ ನಾವೇನ್ ಮಕ್ಕಳಾ? ನಿಜವಾದ ಅರಗೇ ಬೇಕು," ಎಂದು ಪಟ್ಟು ಹಿಡಿದರು. ಬಿದಿರ ತಟ್ಟಿ, ಹುಲ್ಲಿನ ಸೂರು, ಮೇಲೆ ಅರಗು ಕಾಯಿಸಿ ರಾಳ ಬೆರೆಸಿ ಬಳಿದರು. ಪುರಾಣದ ಕೌರವರೂ ಅಷ್ಟು ಶ್ರದ್ಧೆಯಿಂದ ಬಳಿದಿರಲಾರರು. ಇಷ್ಟೆಲ್ಲ ಮಾಡಿದ ಮೇಲೆ, ನಾಟಕದ ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರು ಹೋಗಿ ಆ ಮನೆಯನ್ನು ಹಸೀ ಸಗಣಿಯಲ್ಲಿ ದಪ್ಪಗೆ ಸಾರಿಸಿ, ರಂಗೋಲಿ ಇಟ್ಟು ಬಂದರು! "ಕುಂತಮ್ಮ ಮಕ್ಕಳ ಕರ್ಕೊಂಡು ಒಕ್ಕಲಾಗೋ ಮನೆ, ಸಾರಿಸ್ದೆ ಅಂಗೇ ಬಿಡಾಕಾಗ್ತದಾ?" ಎಂದು ಚಿಕ್ಕವೆಂಕಟಮ್ಮ ನನ್ನನ್ನೇ ಕೇಳಿದಳು. ಆಗ ನನಗೂ ಅದು ಸರಿ ಅನ್ನಿಸಿತು ಕಣೇ.

ಗಣಿಗೆ ಹೋಗುವವರಿಗೆ ನೈಟ್ ಶಿಫ್ಟು ಇದ್ದುದರಿಂದ ನಾಟಕ ಮಧ್ಯಾಹ್ನವೇ ಶುರುವಾಯಿತು. ಗಡ್ಡ ಅಂಟಿಸಿಕೊಂಡು ಕಂಬಳಿ ಹೊದ್ದ ನಿನ್ನ ಯಜಮಾನರನ್ನು ಯಾರೂ ಗುರುತಿಸಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಬೆಂಕಿಯ ಸನ್ನಿವೇಶ. ಮಾವ ಬಾಗಿಲಲ್ಲಿ ಮಲಗಿ ಗೊರಕೆ ಹೊಡೆದರು. ನಿಮ್ಮಣ್ಣ ಪಂಜು ಹಿಡಿದರು. ಮನೆ ಹತ್ತಲಿಲ್ಲ. ಇನ್ನೊಂದು ಕಡೆ ಹಿಡಿದರು, ಬರೀ ಹೊಗೆ. "ಭೀಮಣ್ಣಾ, ಸೀಮೆಣ್ಣೆ ತರ್ಲಾ?" ಎಂದು ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ನಿಮ್ಮಣ್ಣನಿಗೆ ರೋಷ ಬಂದು, ಡಬ್ಬದಲ್ಲಿದ್ದ ರಾಳದ ಪುಡಿಯನ್ನೆಲ್ಲ ಪಂಜಿನ ಮೇಲೆ ಸುರಿದುಬಿಟ್ಟರು.

ಹೊರಗೆ ಸಾರಿಸಿದ್ದರು, ಸೂರಿನ ಒಳಗೆ ಸಾರಿಸಿರಲಿಲ್ಲವಲ್ಲ! ಒಂದೇ ಸಲಕ್ಕೆ ಭುಗ್ ಎಂದಿತು. ಅರಗು ಉರಿಯುತ್ತಲೇ ತೊಟ್ಟಿಕ್ಕಿತು. ಮಾವ ಏಳಲಿಲ್ಲ, ಗೊರಕೆ ಇನ್ನೂ ಜೋರಾಯಿತು! ಪುರೋಚನ ಎದ್ದು ಓಡಿದರೆ ನಾಟಕದ ಮಾನ ಹೋಗುತ್ತದಂತೆ. ಜನ ಚಪ್ಪಾಳೆ ತಟ್ಟಿದರು. ಇದು ನಾಟಕವಲ್ಲವೆಂದು ಅತ್ತೆಗೆ ಮಾತ್ರ ತಿಳಿಯಿತು, ಕಿರುಚಿಕೊಂಡರು. ಅಷ್ಟರಲ್ಲಿ ಸುರಂಗದ ಬಾಯಿಂದ ಒಂದು ಕಂಬಳಿ ಮೇಲೆ ಬಂತು, ಮಾವನ ಮೇಲೆ ಬಿತ್ತು, ಮಾವ ಕಾಲು ಮುಂದಾಗಿ ನೆಲದೊಳಗೆ ಹೋದರು. ಹಿಂದೆಯೇ ಸೂರು ಕುಸಿಯಿತು. ಎರಡು ಮನಸ್ಸು ಸೇರಿಸಲು ಹೋಗಿ ಎರಡು ಜೀವ ತೆಗೆದೆನಲ್ಲ ಎಂದು ನನ್ನ ಎದೆ ಒಡೆಯಿತು. ಆ ಗಳಿಗೆ ನನ್ನ ಶತ್ರುವಿಗೂ ಬೇಡ.

ಬಣವೆಯ ಹಿಂದಿನಿಂದ ಮೊದಲು ಧರ್ಮರಾಯ ಬಂದ, ಆಮೇಲೆ ಸೀರೆ ಎತ್ತಿ ಕಟ್ಟಿದ ಕುಂತಿ, ಕಡೆಗೆ ಮಣ್ಣು ಮೆತ್ತಿಕೊಂಡ ಪುರೋಚನ, ಅರ್ಧ ಮೀಸೆಯೊಂದಿಗೆ! ಮೈಗೆ ಒಂದು ಬೊಬ್ಬೆ ಕೂಡ ಇಲ್ಲ. ನಾನು ಅಳುತ್ತಲೇ ನಕ್ಕೆ. ಮಾವ ಮಾತ್ರ ತಮ್ಮನ್ನು ಎಳೆದು ತಂದವರ ಮೇಲೆ ಕೆಂಡವಾಗಿದ್ದರು. "ಯಾವನ್ಲಾ ನೀನು? ಪುರೋಚನ ಉರ್ದೋಗ್ಬೇಕಿತ್ತು, ಕತೆ ಕೆಡಿಸ್ಬಿಟ್ಟಲ್ಲಾ!" ಎಂದು ಕೈ ಎತ್ತಿದವರು ಹಾಗೇ ನಿಂತರು. ಎಳೆದಾಟದಲ್ಲಿ ಗಡ್ಡ ಎಲ್ಲೋ ಬಿದ್ದುಹೋಗಿತ್ತು. ನಿನ್ನ ಯಜಮಾನರು ತಲೆ ತಗ್ಗಿಸಿ, "ಕತೆ ಕೆಟ್ರೆ ಕೆಡ್ಲಿ ಮಾಮಾ. ನಮ್ ಪಾಪಾಗೆ ತಾತ ಬೇಕಲ್ವಾ?" ಎಂದರು.

ಪಂಕ್ತಿಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ನಿನ್ನ ಯಜಮಾನರು ಬಸ್ಸಿಗೆ ಹೊತ್ತಾಯಿತೆಂದು ಅರ್ಧಕ್ಕೇ ಎದ್ದಾಗ ಮಾವ ಎಲೆ ನೋಡುತ್ತಲೇ, "ಅನ್ನ ಬಿಟ್ಟು ಏಳ್ಬಾರ್ದು," ಎಂದರು. ಅವರು ಮತ್ತೆ ಕೂತು ಉಂಡರು. ಬಸ್ಸು ತಪ್ಪಿತು, ಪೆರುಮಾಳ್ ಮೇಷ್ಟ್ರ ಸೈಕಲ್ಲಿನಲ್ಲಿ ಹೋದರು.

ಅದಾಗಿ ಎರಡು ದಿನ. ನಿನ್ನನ್ನು ಕರೆತರುವ ಮಾತು ಮಾವನ ಬಾಯಲ್ಲಿ ಇನ್ನೂ ಬಂದಿಲ್ಲ. ಬಾರದಿದ್ದರೆ ಹೋಗಲಿ, ನಾನೇ ಉರಿಗಾಮಿಗೆ ಬಂದು ನಿನ್ನ ಬಾಣಂತನ ಮಾಡುತ್ತೇನೆ. ನೀನು ಕಣ್ಣೀರು ಹಾಕಬಾರದು, ಆಯಿತಾ? ಈ ಕಾಗದವನ್ನು ಹಾಲಿನ ಸೊಣ್ಣಪ್ಪನ ಕೈಗೆ ಕೊಡುತ್ತೇನೆ, ಸಂಜೆಗೆಲ್ಲ ನಿನಗೆ ಸಿಗುತ್ತದೆ.

ಇಂತಿ ನಿನ್ನ ಜಗಳಗಂಟಿ ಅತ್ತಿಗೆ,
ಮುನಿಗಂಗಮ್ಮ

ಮರೆತ ಮಾತು: ಇಲ್ಲ, ಮರೆತದ್ದಲ್ಲ, ಈಗ ತಾನೇ ನಡೆದದ್ದು. ಸೊಣ್ಣಪ್ಪನನ್ನು ಕೂಗಲು ಹೊರಗೆ ಹೋದೆ. ಮಾವ ಗಾಡಿಯ ಅಚ್ಚಿಗೆ ಎಣ್ಣೆ ಹಾಕಿ, ಮೆತ್ತಗಿರಲಿ ಎಂದು ಹೊಸ ಹುಲ್ಲು ಹರಡಿದ್ದಾರೆ. ನಾಳೆ ಬೆಳಿಗ್ಗೆಯೇ ನಿನ್ನ ಬಾಗಿಲಿಗೆ ಬರುತ್ತಾರೆ, ಬಟ್ಟೆ ಕಟ್ಟಿಕೊಂಡಿರು. ಎಷ್ಟು ದೊಡ್ಡ ಪಾತ್ರವಾದರೂ ಒಂದು ಸಲ ಓದಿದರೆ ಬಾಯಿಪಾಠ ಮಾಡುವ ಮನುಷ್ಯ, ಈಗ ಎತ್ತುಗಳ ಮುಂದೆ ನಿಂತು "ಅಳಿಯಂದ್ರೇ, ಚೆನ್ನಾಗಿದೀರಾ?" ಎಂದು ಮತ್ತೆ ಮತ್ತೆ ಹೇಳಿ ನೋಡುತ್ತಿದ್ದಾರೆ. ಇನ್ನೂ ಸರಿಯಾಗಿ ಬಂದಿಲ್ಲ. ನಾಳೆ ಅವರು ಅದನ್ನು ಹೇಳುವಾಗ ಇಬ್ಬರೂ ನಗಬೇಡಿ, ಹೇಳಿ ಮುಗಿಸಲಿ.