ಚೌಕದಲ್ಲಿ ಹಿಡಿಯುವವಳು

ಸೆಪ್ಟೆಂಬರ್ 14, ಭಾನುವಾರ

ಹಿಡಿದೆ. ಭುಜಕ್ಕೆ ಸೈಕಲ್ ಹ್ಯಾಂಡಲ್ ತಗುಲಿ ನೀಲಿಗಟ್ಟಿದೆ. ಪರವಾಗಿಲ್ಲ.

ನಮ್ಮೂರು ಸಾಂತಾ ಪೌದ ಚೌಕದಲ್ಲಿ ವ್ಯಾನು ನಿಲ್ಲಿಸಿ ಕಮಾನಿನ ಕೆಳಗೆ ಕಾಯ್ತಾ ಇದ್ದೆ. ದಾರಿ ತೋರಿಸೋ ನನ್ನ ಗಂಡ ಮುಂದೆ, ಹಿಂದೆ ಏದುಸಿರು ಬಿಡ್ತಾ ಸೈಕಲ್ ತುಳಿಯೋ ಡಚ್ ಪ್ರವಾಸಿಗಳ ಗುಂಪು. ಜ್ವಾಲಾಮುಖಿ ಗುಡ್ಡಗಳನ್ನೆಲ್ಲ ಸುತ್ತಿ ಬಂದವರು, ಪಾಪ, ಟೊಮೆಟೊ ಹಾಗೆ ಕೆಂಪಾಗಿದ್ದರು. ಇವನಿಗೆ ಬೆವರೂ ಇಲ್ಲ. "ಇಲ್ಲೀ!" ಅಂತ ಕೂಗಿದೆ. ನನ್ನ ದನಿ ಕೇಳಿದ ಮೇಲೇ ಬ್ರೇಕು. ಸೀಟಿಗೊಂದು ಕೈ, ಎದೆಗೊಂದು ಕೈ. ಇಡೀ ಭಾರ ನನ್ನ ಮೇಲೆ.

ಡಚ್ ಹೆಂಗಸೊಬ್ಬಳು, "ಎಷ್ಟು ಚಂದ ತಬ್ಬಿಕೊಳ್ತೀರಪ್ಪ, ಇಷ್ಟು ವರ್ಷ ಆದಮೇಲೂ!" ಅಂದಳು.

ನಕ್ಕೆ. ಇನ್ನೇನು ಮಾಡಲಿ.

ಸೆಪ್ಟೆಂಬರ್ 16

ಬೆಳಿಗ್ಗೆ ಬಚ್ಚಲ ಹೊಸ್ತಿಲಲ್ಲಿ ಮತ್ತೆ ಕಾಲು ಅಂಟಿಕೊಂಡಿತು. ನಿಂತಲ್ಲೇ ನಿಂತ. ಹೊಸ್ತಿಲ ಈಚೆ ಇವನು, ಆಚೆ ಟವಲ್ ಹಿಡ್ಕೊಂಡು ನಾನು. ಪಾರ್ಕಿನ್ಸನ್ ಅಂದಾಗ ಬರೀ ಕೈ ನಡುಕ ಅಂದುಕೊಂಡಿದ್ದೆ. ಕೈ ಬಿಡಿ — ಕಾಲು!

ಅದೇ ಮನುಷ್ಯನನ್ನ ಹಿಡಿದು ಸೈಕಲ್ ಮೇಲೆ ಕೂರಿಸಿ ಸ್ವಲ್ಪ ತಳ್ಳಿ... ಹೋದ! ಬಾಣ! ಡಾಕ್ಟರಮ್ಮನಿಗೂ ಗೊತ್ತು, ಇಂಥವರು ಇರ್ತಾರಂತೆ. ನಡೆಯೋದು ಮರೆತುಹೋಗುತ್ತೆ, ತುಳಿಯೋದು ಮರೆಯಲ್ಲ. ತೊಂದರೆ ಇರೋದು ಇಳಿಯೋದರಲ್ಲಿ. ಕಾಲು ನೆಲಕ್ಕೆ ಇಡಬೇಕು ಅಂದರೆ ಅದು ಬರೋದೇ ಇಲ್ಲ. ಮೂಟೆ ಬಿದ್ದ ಹಾಗೆ ಬೀಳ್ತಾನೆ.

ನಡುಕ ಊರಿಗೆಲ್ಲ ಗೊತ್ತು. ಇಳಿಯೋಕೆ ಬರಲ್ಲ ಅನ್ನೋದು ನನಗೊಬ್ಬಳಿಗೇ ಗೊತ್ತು. ಯಾರಿಗೂ ಹೇಳಕೂಡದಂತೆ. ಅವನ ಹಳೇ ಗೆಳೆಯ, ಬಾರಿನ ಎರ್ಮೆಂಗೊಲ್‌ಗೂ.

"ಮೂರು ಚಕ್ರದ್ದು ತಗೋಳೋಣ ನರ್ಸೀಸ್."

"ಯಾಕೆ, ಐಸ್‌ಕ್ರೀಂ ಮಾರೋಕಾ?"

ಹಠಮಾರಿ.

ಸೆಪ್ಟೆಂಬರ್ 28, ಭಾನುವಾರ

ಬೀಚ್ ಮರಗಳ ಕಾಡಿನ ದಾರಿಯಲ್ಲಿ ವ್ಯಾನಿನಿಂದ ನೋಡಿದೆ. ಕರಿ ಲಾವಾ ಕಲ್ಲುಗಳ ಮಧ್ಯೆ ಎಲೆ ಆಗಲೇ ಹಳದಿಯಾಗ್ತಿದೆ. ಇವನು ಸಿಳ್ಳೆ ಹಾಕ್ತಾ ಹೋಗ್ತಿದ್ದ. ಬೆನ್ನು ನೆಟ್ಟಗೆ. ಹಿಂದಿನಿಂದ ನೋಡಿದರೆ ನಾನು ಮದುವೆಯಾದ ಹುಡುಗನೇ. ವ್ಯಾನು ನಿಲ್ಲಿಸಿ ಅತ್ತೆ. ಆಮೇಲೆ ಜೋರಾಗಿ ಓಡಿಸಿಕೊಂಡು ಬಂದೆ. ಅವನಿಗಿಂತ ಮೊದಲು ತಲುಪಬೇಕಲ್ಲ.

ಅಕ್ಟೋಬರ್ 5, ಭಾನುವಾರ

ಬರೆಯಲೇಬೇಕು. ಇಲ್ಲದಿದ್ದರೆ ಎದೆ ಒಡೆಯುತ್ತೆ.

ಪಕ್ಕದ ಪಟ್ಟಣ ಓಲೊತ್‌ಗೆ, ಗುಂಪಿಗೆ ಬ್ರೆಡ್ಡು ತರೋಕೆ ಹೋಗಿದ್ದೆ. ಬೇಕರಿ ಹೊರಗೆ ಬಿಸಿಲಿಗೆ ಒಂದು ಕುರ್ಚಿ ಖಾಲಿ ಇತ್ತು. ಕೂತೆ. ಹಾಲು ಹಾಕಿದ ಕಾಫಿ ಹೇಳಿದೆ. ಕೂತು ಕಾಫಿ ಕುಡಿದು ಎಷ್ಟು ದಿನ ಆಗಿತ್ತೋ... ಕುಡಿದೆ. ಇನ್ನೂ ಸ್ವಲ್ಪ ಹೊತ್ತು ಕೂತೆ. ಅಷ್ಟೇ.

ಚೌಕಕ್ಕೆ ಬಂದಾಗ ಚಪ್ಪಾಳೆ ಕೇಳಿಸ್ತು. ಇವನು ಸುತ್ತು ಹೊಡೀತಾ ಇದ್ದ. ಸುತ್ತು, ಮತ್ತೆ ಸುತ್ತು, ಆ ಉರುಟು ಕಲ್ಲುಗಳ ಮೇಲೆ. ಪ್ರವಾಸಿಗಳು ಫೋನು ಹಿಡಿದಿದ್ದರು. ಬಾರಿನ ಬಾಗಿಲಲ್ಲಿ ಎರ್ಮೆಂಗೊಲ್, "ಸಾಕು ಇಳಿಯೋ ಹೀರೋ! ಊಟದ ಕಾಳು ಆರಿ ಕಲ್ಲಾಗ್ತಾ ಇದೆ!" ಅಂತ ಕೂಗ್ತಿದ್ದ. ಇವನು ನಗ್ತಾ ಇದ್ದ. ಆ ನಗು ನೋಡಬೇಕಿತ್ತು, ದೇವರೇ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡು, ಹಲ್ಲು ಮಾತ್ರ ಕಾಣ್ತಿತ್ತು.

"ಇಲ್ಲೀ!"

ಒರಗಿದ. ಚಡ್ಡಿ ಒದ್ದೆ. ನನ್ನ ಸ್ವೆಟರ್ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿದೆ.

ಕಿವಿಯ ಹತ್ತಿರ ಕೇಳಿದ: "ಕಾಫಿ ಕುಡಿದ್ಯಾ?"

"ಹೂಂ."

"ಚೆನ್ನಾಗಿತ್ತಾ?"

ಬೈದಿದ್ದರೆ ತಡ್ಕೋತಿದ್ದೆ.

ಅಕ್ಟೋಬರ್ 9

ಇವನು ಆ ವಿಷಯ ಎತ್ತೋದೇ ಇಲ್ಲ. ನನಗೇ ಸಿಟ್ಟು ಬರ್ತಿದೆ. ನಾನೇನು ಗೋಡೆಯಾ, ಬಂದು ಒರಗೋಕೆ? ನನಗೆ ಜ್ವರ ಬಂದರೆ? ನಾನು ಸತ್ತರೆ? ಸುತ್ತು ಹೊಡೀತಾ ಇರ್ತಾನಾ?

ಭುಜ ಎತ್ತೋಕೆ ಆಗ್ತಿಲ್ಲ.

ಅಕ್ಟೋಬರ್ 14

ಹೇಳಿಬಿಟ್ಟೆ.

ಬಾರಿನಲ್ಲಿ ಯಾರೂ ಇರಲಿಲ್ಲ. ಎರ್ಮೆಂಗೊಲ್ ಗ್ಲಾಸು ಒರೆಸೋದು ನಿಲ್ಲಿಸಿದ. "ಕತ್ತೆ ನನ್ಮಗ! ಹುಡುಗರಾಗಿದ್ದಾಗಿಂದ ಒಟ್ಟಿಗೆ ತುಳಿದಿದೀವಿ. ನನಗೆ ಹೇಳೋಕಾಗಲಿಲ್ವಾ ಅವನಿಗೆ? ಮತ್ತೆ ನಾನು ಅವತ್ತು... ಹೀರೋ ಅಂತ ಕೂಗಿದೆನಲ್ಲ ರೋಸೆ." ಗಳಗಳ ಅತ್ತ, ಅಷ್ಟು ದೊಡ್ಡ ಗಂಡಸು.

"ನಾನು ಬರೋದು ತಡ ಆದರೆ ನೀನು ಹಿಡಿ. ಅಷ್ಟೇ. ಯಾರಿಗೂ ಗೊತ್ತಾಗಬಾರದು."

"ನನಗೆ ಬಿಡು," ಅಂದ.

ನಮ್ಮೂರ ಸೈಕಲ್ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ. ಏರಿನಲ್ಲಿ ಯಾರಾದರೂ ಸೋತರೆ ಪಕ್ಕದವನು ಬೆನ್ನ ಮೇಲೆ ಕೈ ಇಟ್ಟು ತಳ್ಳುತ್ತಾನೆ. ಮೇಲೆ ಹೋದಮೇಲೆ ಆ ಕೈ ಬಗ್ಗೆ ಯಾರೂ ಚಕಾರ ಎತ್ತೋದಿಲ್ಲ. ತಳ್ಳಿಸಿಕೊಂಡವನು ಥ್ಯಾಂಕ್ಸ್ ಕೂಡ ಹೇಳಲ್ಲ. ಎರ್ಮೆಂಗೊಲ್ ಹಾಗೇ ಮಾಡ್ತಾನೆ ಅಂದುಕೊಂಡೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅಕ್ಟೋಬರ್ 26, ಓಲೊತ್ ಆಸ್ಪತ್ರೆ

ಇವತ್ತು ಕ್ಲಬ್ಬಿನ ವರ್ಷದ ಕೊನೇ ಸವಾರಿ. ಸಾಸೇಜು, ಬಿಳಿ ಕಾಳು, ವೈನು — ಎಲ್ಲಾ ಚೌಕದಲ್ಲಿ ಸಿದ್ಧ. ಕಮಾನಿನ ಕೆಳಗೆ ನನ್ನ ಜಾಗಕ್ಕೆ ಹೋದೆ. ಎಲ್ಲರೂ ಆಗಲೇ ಬಂದು ನಿಂತಿದ್ದರು. ಇವನಿಗಿಂತ ಮುಂದೆ ಬರೋಕೆ ಅಡ್ಡದಾರಿ ಹಿಡಿದಿದ್ದರಂತೆ. ಎರಡು ಸಾಲು. ಎಲ್ಲರೂ ಕೈ ಚಾಚಿಕೊಂಡು. ಪೋಸ್ಟಿನವನು, ಬೇಕರಿಯವಳು, ಪಾದ್ರಿ ಕೂಡ!

"ಏನೋ ಇದು ಎರ್ಮೆಂಗೊಲ್?"

"ಇನ್ಮೇಲೆ ಅವನು ಎಲ್ಲಿ ಬಿದ್ದರೂ ಹಿಡಿಯೋಕೆ ಜನ ಇದಾರೆ ಅಂತ ಗೊತ್ತಾಗಲಿ!" ಖುಷಿಯಿಂದ ಹೊಳೀತಿದ್ದ.

ಚದುರಿ ಅನ್ನೋಷ್ಟರಲ್ಲಿ ಇವನು ಕೋಟೆ ಬಾಗಿಲಿಂದ ಒಳಗೆ ಬಂದ. ಆ ಕೈಗಳನ್ನ ನೋಡಿದ. ಒಂದೊಂದೇ ಮುಖ ನೋಡಿದ. ಆಮೇಲೆ ನನ್ನನ್ನ.

ಹ್ಯಾಂಡಲ್ ತಿರುಗಿಸಿ ಬಂದ ಬಾಗಿಲಿಂದಲೇ ಹೊರಟುಹೋದ.

ವ್ಯಾನು ಹತ್ತಿ ಹಿಂದೆ ಹೋದೆ. ಇಳಿಜಾರು, ತಿರುವು, ಮತ್ತೆ ಇಳಿಜಾರು. ಪಕ್ಕಕ್ಕೆ ಬಂದು, "ಸಾವಕಾಶ ಹೋಗೋ, ಮುಂದೆ ಹೋಗಿ ನಿಲ್ತೀನಿ" ಅಂತ ಬೇಡಿಕೊಂಡೆ. ತಿರುಗಿಯೂ ನೋಡಲಿಲ್ಲ. ಬೆಸಲು ಅನ್ನೋ ಊರಿನ ತನಕ ಹೀಗೇ. ಅಲ್ಲಿ ಹಳೇ ಕಲ್ಲುಸೇತುವೆ ಹತ್ತಿದ. ಅದರ ಮೇಲೆ ವ್ಯಾನು ಹೋಗಲ್ಲ. ಬೇಕೆಂದೇ ಹತ್ತಿದ್ದು.

ಇಳಿದು ಓಡಿದೆ. ಜನ, ಜನ, ಮಧ್ಯೆ ಅವನ ಬೆನ್ನು. ಇನ್ನೇನು ಕೈಗೆ ಸಿಗ್ತಾನೆ ಅನ್ನಿಸ್ತು. ಕೂಗಿದೆ.

"ಇಲ್ಲೀ!"

ಬಾಯಿಗೆ ಬಂದದ್ದು ಅದೇ ಮಾತು. ಬೇರೆ ಏನಾದರೂ ಕೂಗಬಾರದಿತ್ತಾ ನಾನು!

ಬ್ರೇಕು ಹಿಡಿದ. ಎಷ್ಟು ಸಿಟ್ಟಿದ್ದರೂ ನನ್ನ ದನಿಗೆ ಬ್ರೇಕು ಹಿಡಿದ. ನಾನು ಇರಬೇಕಾದ ಕಡೆಗೇ ಒರಗಿದ. ನಾನಿನ್ನೂ ತಲುಪಿರಲಿಲ್ಲ.

ಸೊಂಟದ ಮೂಳೆ. ತಲೆಗೂ ಪೆಟ್ಟು.

ಅಕ್ಟೋಬರ್ 29

ಇವನಿಗೆ ಎಚ್ಚರ ಆಯ್ತು. ಸ್ವಲ್ಪ ಸಾರು ಕುಡಿದ. ಎರ್ಮೆಂಗೊಲ್ ಹೊರಗೇ ಕೂತಿದ್ದಾನೆ, ಒಳಗೆ ಬರೋಕೆ ಧೈರ್ಯ ಇಲ್ಲ.

"ನೀನೇ ಹೇಳಿದ್ದಾ?" ಅಂದ ಇವನು.

"ಹೂಂ. ನನ್ನ ಕೈಲಿ ಆಗ್ತಿರಲಿಲ್ಲ ನರ್ಸೀಸ್. ಭುಜ ನೋವು."

"ನನಗೆ ಹೇಳಬಾರದಿತ್ತಾ?"

ಅವನ ದಿಂಬು ಸರಿ ಮಾಡಿದೆ.

ಅವನೇ ಅಂದ: "ಅಷ್ಟು ಜನ ಯಾಕೆ ಬೇಕಿತ್ತೇ? ನೀನೊಬ್ಬಳೇ ಸಾಕಾಗಿತ್ತು."

ಕೈ ಹಿಡಿದುಕೊಂಡೇ ಮಲಗಿದ. ನಿದ್ದೆಯಲ್ಲಿ ನಡುಕ ಇರೋಲ್ಲ, ಯಾವಾಗಲೂ ಹಾಗೇ. ಎಷ್ಟು ಶಾಂತ.

ಅಕ್ಟೋಬರ್ 31

ಜ್ವರ. ಸೋಂಕು ಎದೆಗೆ ಇಳಿದಿದೆಯಂತೆ.

ನವೆಂಬರ್ 5

ಮೊನ್ನೆ ಮುಂಜಾನೆ ಹೋದ.

ಹೊರಗೆ ಹೋಗಿದ್ದೆ ಅಂತಲ್ಲ. ಪಕ್ಕದಲ್ಲೇ ಇದ್ದೆ. ಕೈ ಹಿಡಿದಿದ್ದೆ. ಹಿಡಿದಿದ್ದರೂ ಹೋದ.

ನಾಳೆ ಮಣ್ಣು. ಎರ್ಮೆಂಗೊಲ್ ಬಂದಿದ್ದ. ಕಣ್ಣೆತ್ತಿ ನೋಡೋಲ್ಲ, ಟೋಪಿ ಹಿಂಡ್ತಾ ನಿಂತ. ಚರ್ಚಿನಿಂದ ಸ್ಮಶಾನದವರೆಗೆ ಪೆಟ್ಟಿಗೆ ಕ್ಲಬ್ಬಿನವರು ಹೊರ್ತಾರಂತೆ, ಒಪ್ಪಿಗೆ ಕೊಡು ರೋಸೆ ಅಂದ.

ಬೇಡ ಅಂದೆ. ಅಷ್ಟು ಜನ ಬೇಡ, ಅವನಿಗೆ ಇಷ್ಟ ಇಲ್ಲ, ನಾನೊಬ್ಬಳೇ ಸಾಕು ಅಂದೆ.

ಎರ್ಮೆಂಗೊಲ್ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತೇ ಇದ್ದ. ಈಗಲೂ ನಿಂತಿದ್ದಾನೆ, ಇದನ್ನ ಬರೀತಾ ಇದ್ದೀನಿ. ನನಗೂ ಗೊತ್ತು, ಈ ಭುಜದಲ್ಲಿ ನಾನೊಬ್ಬಳೇ ಹೇಗೆ ಹೊರಲಿ?